ಉಂಡ್ಕಂಡೇ ಹೋಗ್ಲಿ

ನನಗೊಂದು ಚಾಳಿ ಇದೆ. ಯಾರ ಬಾಯಿಂದಲಾದರೂ ಒಂದು ಚೆಂದದ ಮಾತು ಬಿದ್ದರೆ ಸಾಕು, ಮರುದಿನ ಅದು ನನ್ನ ಬಾಯಲ್ಲಿರುತ್ತದೆ. ಬರೀ ಮಾತಲ್ಲ, ಆಡಿದವರ ದನಿ, ರಾಗ, ಕತ್ತು ಕೊಂಕಿಸುವ ರೀತಿ ಎಲ್ಲವೂ. ಕೋಡಿಬಾಗದ ತವರುಮನೆಯಲ್ಲಿ ನಾವು ಆಡುತ್ತಿದ್ದುದು ಕೊಂಕಣಿ. ಬೆಳಿಗ್ಗೆ ಮೀನು ತರುವವಳು ಬರುವ ಮೊದಲೇ ನಾನು ಅಂಗಳದಲ್ಲಿ ನಿಂತು ಅವಳ ದನಿಯಲ್ಲಿ ಕೂಗಿ, ಅಮ್ಮ ಪಾತ್ರೆ ಹಿಡಿದು ಓಡಿ ಬರುವಂತೆ ಮಾಡುತ್ತಿದ್ದೆ. ಅಮ್ಮ ಚೆನ್ನಾಗಿ ಬೈಯುತ್ತಿದ್ದಳು. ಆಮೇಲೆ ನೆಂಟರು ಬಂದಾಗ ಅದನ್ನೇ ಇನ್ನೊಮ್ಮೆ ಮಾಡಿ ತೋರಿಸು ಅನ್ನುತ್ತಿದ್ದಳು. ಹೀಗಾಗಿ ಚಾಳಿ ಬಿಡುವ ಪ್ರಶ್ನೆಯೇ ಬರಲಿಲ್ಲ.

ಕಾರವಾರದ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಈ ಚಾಳಿಗೆ ಒಳ್ಳೇ ಮೇವು ಸಿಕ್ಕಿತು. ಕಚೇರಿಯೆಂದರೆ ಕಡತಗಳಿಗಿಂತ ಹೆಚ್ಚಾಗಿ ಮಾತುಗಳು ಉಳಿಯುವ ಜಾಗ. ನಮ್ಮಲ್ಲಿ ಹಿಂದೆ ಒಬ್ಬರು ಮೇಲಧಿಕಾರಿ ಇದ್ದರು. ಏನು ಕೇಳಿದರೂ "ಆಗ್ತದೆ, ಆದ್ರೆ ಇವತ್ತಲ್ಲ" ಅನ್ನುತ್ತಿದ್ದರು. ಅವರಿಗೆ ವರ್ಗವಾಗಿ ಎಷ್ಟೋ ವರ್ಷವಾಯಿತು. ಅವರ ಮುಖವನ್ನೇ ಕಾಣದ ಹೊಸ ಹುಡುಗಿಯರು ಇವತ್ತಿಗೂ ಪ್ರಿಂಟರ್ ಕೈಕೊಟ್ಟರೆ ಅದರ ನೆತ್ತಿ ತಟ್ಟಿ, ಆಗ್ತದೆ ಆದ್ರೆ ಇವತ್ತಲ್ಲ ಅನ್ನುತ್ತಾರೆ. ಮನುಷ್ಯ ಹೋದರೂ ಮಾತು ಕುರ್ಚಿ ಬಿಟ್ಟು ಏಳುವುದಿಲ್ಲ. ಇದೆಲ್ಲ ನನಗೆ ಬಲು ಖುಷಿ ಕೊಡುತ್ತಿತ್ತು. ಒಂದು ಮಾತು ಎಲ್ಲಿ ಹುಟ್ಟಿತು, ಯಾರ ಬಾಯಿಂದ ಯಾರ ಬಾಯಿಗೆ ಹೋಯಿತು ಎಂದು ಪತ್ತೆ ಹಚ್ಚುವುದು ನನ್ನ ಬಸ್ಸಿನ ಹೊತ್ತಿನ ಕೆಲಸವಾಗಿತ್ತು.

ಬಸ್ಸು ಯಾಕೆಂದರೆ, ಮದುವೆಯಾಗಿ ನಾನು ಹೋದದ್ದು ಅಂಕೋಲೆಯ ಕಡೆಗೆ, ಬೇಲೆಕೇರಿಗೆ ಸಮೀಪದ ಒಂದು ಊರಿಗೆ. ಗದ್ದೆ, ಶೇಂಗಾ, ಹಿತ್ತಲಲ್ಲಿ ನಾಲ್ಕು ತೆಂಗಿನಮರ, ಒಂದು ಬಸಳೆ ಚಪ್ಪರ. ಗಂಡನಿಗೂ ನೌಕರಿ. ಮನೆ ಮತ್ತು ಗದ್ದೆ ಎರಡನ್ನೂ ನಡೆಸುತ್ತಿದ್ದವರು ಅತ್ತೆ. ನನ್ನ ಕನ್ನಡ ಅಲ್ಲಿಯವರೆಗೆ ಶಾಲೆಯ ಕನ್ನಡ. ಅತ್ತೆಯ ಕನ್ನಡ ಕೇಳಿದ ಮೇಲೆ ನನಗೆ ನನ್ನದು ಇಸ್ತ್ರಿ ಮಾಡಿದ ಅಂಗಿಯಂತೆ ಕಂಡು ನಾಚಿಕೆಯಾಯಿತು. ಬೇಗ ಬೇಗ ಅವರದನ್ನು ಕಲಿತೆ.

ನಾನು ಆ ಮನೆಗೆ ಕಾಲಿಟ್ಟ ದಿನವೇ ಆ ಮಾತು ಕೇಳಿದ್ದು. ದಿಬ್ಬಣದ ಜೊತೆ ಎಲ್ಲಿಂದಲೋ ಒಂದು ನಾಯಿ ಬಂದು ಚಪ್ಪರದ ಕೆಳಗೆ ಕೂತಿತ್ತು. ಯಾರೋ ಕೋಲು ಎತ್ತಿದರು. ಅತ್ತೆ ಅಡುಗೆಮನೆಯ ಬಾಗಿಲಿನಿಂದ, ದನಿ ಸ್ವಲ್ಪವೂ ಏರಿಸದೆ ಹೇಳಿದರು: "ಬಂದದ್ ಬಂತು, ಉಂಡ್ಕಂಡೇ ಹೋಗ್ಲಿ."

ಆಮೇಲೆ ನೋಡಿದರೆ ಆ ಮಾತು ಬಾರದ ದಿನವೇ ಇರಲಿಲ್ಲ. ಮೀಟರ್ ನೋಡುವವನು ಮಧ್ಯಾಹ್ನ ಬಂದರೆ ಉಂಡ್ಕಂಡೇ ಹೋಗ್ಲಿ. ಮತ ಕೇಳಲು ಬಂದವರು, ಅವರ ಬೆನ್ನಿಗೇ ಬಂದ ಎದುರು ಪಕ್ಷದವರು, ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡ್ಕಂಡೇ ಹೋಗ್ಲಿ. ಮನುಷ್ಯರಿಗೆ ಮಾತ್ರ ಅಂತ ತಿಳಿಯಬೇಡಿ. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿ, ಬಂದದ್ ಬಂತು, ಉಂಡ್ಕಂಡೇ ಹೋಗ್ಲಿ ಅಂದು ಗಂಜಿ ಇಟ್ಟುಕೊಟ್ಟರು. ನಾನು ಉಣ್ಣಬೇಕೋ ಜ್ವರ ಉಣ್ಣಬೇಕೋ ಅಂತ ಕೇಳಿದರೆ, ಇಬ್ಬರೂ ಉಣ್ಣಿ, ಯಾರು ಮೊದಲು ಏಳ್ತಾರೆ ನೋಡುವಾ ಅಂದರು. ಮೂರನೇ ದಿನ ಜ್ವರವೇ ಮೊದಲು ಎದ್ದಿತು.

ಅತ್ತೆ ಅಕ್ಕಿ ಹಾಕುವ ಕ್ರಮವೂ ಈ ಮಾತಿನ ಜೊತೆಗೇ ಇತ್ತು. ಮನೆಯವರ ಲೆಕ್ಕದ ಕುಚ್ಚಲಕ್ಕಿ ತೊಳೆದು ಕುದಿಯುವ ನೀರಿಗೆ ಹಾಕಿದ ಮೇಲೆ, ಡಬ್ಬಕ್ಕೆ ಮತ್ತೆ ಕೈಹಾಕಿ ಒಂದು ಹಿಡಿ ತೆಗೆದು, ಅದನ್ನು ಬೇರೆಯಾಗಿ ತೊಳೆದು, ಮೇಲಿಂದ ಬಿಡುತ್ತಿದ್ದರು. ಬರುವವರಿಗೆ ಅಂತ. ಯಾರು ಬರುವವರು ಎಂದು ಗೊತ್ತಿರುತ್ತಿರಲಿಲ್ಲ. ಯಾರೂ ಬಾರದಿದ್ದರೆ ಆ ಅನ್ನಕ್ಕೆ ರಾತ್ರಿ ನೀರು ಹೊಯ್ದಿಟ್ಟು, ಬೆಳಿಗ್ಗೆ ತಂಗಳು ಮಾಡಿ ಸುಟ್ಟ ಒಣಮೀನಿನ ಜೊತೆ ನನ್ನ ಗಂಡ ಉಣ್ಣುತ್ತಿದ್ದರು. ಯಾರೂ ಬಾರದ ದಿನಗಳಿಗಾಗಿ ಅವರು ಕಾಯುತ್ತಿದ್ದರು ಎಂದೇ ನನ್ನ ಅನುಮಾನ.

ಇಂಥ ಮಾತು ಸಿಕ್ಕಿದ ಮೇಲೆ ನಾನು ಸುಮ್ಮನಿರುವವಳೇ? ಕಚೇರಿಗೆ ಒಮ್ಮೆ ತಪಾಸಣೆಯ ತಂಡ ಬಂತು. ಹೇಳದೆ ಕೇಳದೆ ಬಂದು ಎಲ್ಲರ ಕಪಾಟು ತೆಗೆಸಿದರು. ಎಲ್ಲರೂ ಬೆವರುತ್ತಿದ್ದಾಗ ನಾನು ನನ್ನ ಪಕ್ಕದ ಮೇಜಿನ ಗೆಳತಿಯ ಕಿವಿಯಲ್ಲಿ, ಅತ್ತೆಯ ದನಿಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಂತೆ ಮಾಡಿ, ಬಂದದ್ ಬಂತು ಉಂಡ್ಕಂಡೇ ಹೋಗ್ಲಿ ಅಂದೆ. ಅವಳು ನಗು ತಡೆಯಲಾಗದೆ ಕೆಮ್ಮು ಬಂದವಳ ಹಾಗೆ ಹೊರಗೆ ಓಡಿದಳು. ಮಧ್ಯಾಹ್ನ ಊಟದ ಮೇಜಿನಲ್ಲಿ ಎಲ್ಲರ ಎದುರು ಮತ್ತೊಮ್ಮೆ ಮಾಡಿಸಿದಳು. ಆಮೇಲೆ ಅದು ನನ್ನ ವೇಷವಾಯಿತು. ಒಂದು ಮಾತಿಗೆ ಇನ್ನೆರಡು ಸೇರಿಸಿದೆ, ಅತ್ತೆ ಆಡದ ಮಾತನ್ನೂ ಅವರ ದನಿಯಲ್ಲಿ ಆಡಿದೆ. ನಗು ಸಿಗುವಾಗ ಯಾರಿಗೆ ತಾನೇ ಕೈ ಬಿಗಿ ಹಿಡಿಯಲು ಮನಸ್ಸು ಬರುತ್ತದೆ?

ಮಾತು ಊರಾಡಲು ಹೊರಟಿತು. ಮೊದಲು ಎದುರಿನ ಚಹಾದಂಗಡಿಗೆ ಹೋಯಿತು. ಅಲ್ಲಿ ಕೊಂಕಣಿಯಾಗಿ "ಜೇವ್ನ್ ವಚೂಂದಿ" ಅಂತ ಓಡಾಡಿತು. ಅಲ್ಲಿಂದ ಆಟೋಸ್ಟ್ಯಾಂಡಿಗೆ ಹೋಯಿತು. ಮಳೆಗಾಲದ ಮೊದಲ ಮಳೆಗೆ ಯಾರೋ ಅದನ್ನು ಬರೆದು ವಾಟ್ಸಾಪಿನಲ್ಲಿ ಬಿಟ್ಟರು. ಅದು ಏಳೆಂಟು ಗುಂಪು ಸುತ್ತಿ ಕೊನೆಗೆ ನನ್ನ ತವರಿನ ಗುಂಪಿನಲ್ಲೇ ಬಂದು ಬಿತ್ತು. ಒಂದು ಸಂಜೆ ಅಮದಳ್ಳಿಯಲ್ಲಿ ಕೋಳಿಬುಟ್ಟಿ ಹಿಡಿದವನೊಬ್ಬ ತುಂಬಿದ ಬಸ್ಸಿಗೆ ಹತ್ತಿದಾಗ, ಕಂಡಕ್ಟರು ಸೀಟಿ ಊದಿ, ಬಂದದ್ ಬಂತು ಅಂದ. ಹಿಂದಿನ ಸೀಟಿನಿಂದ ನಾಲ್ಕು ಜನ ಒಟ್ಟಿಗೆ ಉಂಡ್ಕಂಡೇ ಹೋಗ್ಲಿ ಅಂದರು. ಅವರಲ್ಲಿ ಒಬ್ಬರದೂ ನನಗೆ ಪರಿಚಯವಿಲ್ಲ. ಇದು ನಮ್ಮ ಮನೆಯ ಅಡುಗೆಮನೆಯಿಂದ ಬಂದದ್ದು ಎಂದು ಎದ್ದು ನಿಂತು ಹೇಳಬೇಕು ಅನಿಸಿತು. ಆ ದಿನ ಮನೆಗೆ ಹೋಗಿ ಗಂಡನಿಗೆ ಹೆಮ್ಮೆಯಿಂದ ಹೇಳಿದೆ. ಅವರು ನಕ್ಕರು. ಆಮೇಲೆ, ತಾಯಿ ಇದ್ದ ಅಡುಗೆಮನೆಯ ಕಡೆ ನೋಡಿ, ಆಯಿಗೆ ಗೊತ್ತದೆಯಾ ಅಂತ ಕೇಳಿದರು. ನಾನು ಬಂಗಡೆ ಮೀನು ಸ್ವಚ್ಛ ಮಾಡಲು ಕೂತೆ.

ಕೈಯಿಂದ ಕೈಗೆ ಹೋದ ಹಾಗೆ ಮಾತು ಸವೆಯಿತು. ಬಂದದ್ ಬಂತು ಅನ್ನುವ ಭಾಗ ಮೊದಲು ಬಿದ್ದುಹೋಯಿತು. ಹೋಗ್ಲಿ ಅನ್ನುವುದೂ ಹೋಯಿತು. ಉಳಿದದ್ದು ಉಂಡ್ಕಂಡೇ. ಅದಕ್ಕೊಂದು ಪಾರ್ಟಿ ಸೇರಿಕೊಂಡು ಉಂಡ್ಕಂಡೇ ಪಾರ್ಟಿ ಅಂತಾಯಿತು. ಹಾಗೆಂದರೆ ಕರೆಯದೆ ಬರುವವರು, ಬಂದರೆ ಏಳದವರು, ಊಟದ ಹೊತ್ತು ನೋಡಿಕೊಂಡು ಬಾಗಿಲು ತಟ್ಟುವವರು. ನಮ್ಮ ಕಚೇರಿಯಲ್ಲಿ ಊಟದ ಬಿಡುವಿನ ಹೊತ್ತಿಗೆ ಅರ್ಜಿ ಹಿಡಿದು ಬರುವವರಿಗೂ ಅದೇ ಹೆಸರು ಬಿತ್ತು. ಮಾತು ತಲೆಕೆಳಗಾದದ್ದು ನನಗೆ ಕಾಣಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಂಡಿತ್ತು. ನಗು ಬರುತ್ತಿತ್ತು, ಹಾಗಾಗಿ ಬಿಟ್ಟೆ.

ಆ ವರ್ಷ ಪಕ್ಕದ ಮೇಜಿನ ಗೆಳತಿ ಕಾರವಾರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಳು. ಅತ್ತೆಯನ್ನೂ ಕರೆತರಲೇಬೇಕು ಎಂದು ಹಟ ಹಿಡಿದಳು. ಅತ್ತೆ ಪೆಟ್ಟಿಗೆಯಲ್ಲಿದ್ದ ಒಳ್ಳೇ ಸೀರೆ ಉಟ್ಟು, ಅಬ್ಬಲಿಗೆ ಹೂ ಮುಡಿದು, ಹಿತ್ತಲ ಎರಡು ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು ಬಂದರು. ಗೆಳತಿಗೆ ಸಂಭ್ರಮವೋ ಸಂಭ್ರಮ. ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಎಲ್ಲರಿಗೂ ಕೇಳುವಂತೆ, "ನೋಡಿ, ಉಂಡ್ಕಂಡೇ ಅಮ್ಮ ಅಂದ್ರೆ ಇವ್ರೇ" ಅಂದಳು. ಇಡೀ ಕಚೇರಿ ಅಲ್ಲಿತ್ತು. ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು, ಅದರಲ್ಲಿ ನನಗೆ ಸಂಶಯವಿಲ್ಲ. ಯಾರೋ ನನ್ನ ಕಡೆ ತಿರುಗಿ, ಒಮ್ಮೆ ಮಾಡಿ ತೋರಿಸು, ಅಮ್ಮನೂ ನೋಡಲಿ ಅಂದರು. ನಾನು ಬೇಡ ಬೇಡ ಅಂದೆ. ಗೆಳತಿ ಬಿಡಲಿಲ್ಲ, ತಾನೇ ಸೆರಗು ಸಿಕ್ಕಿಸಿ, ನನ್ನಿಂದ ಕಲಿತ ಅತ್ತೆಯ ದನಿಯಲ್ಲಿ ಮಾಡಿ ತೋರಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ದೂರದ ನೆಂಟರ ಒಂದು ಗುಂಪು ಕಾಣಿಸಿತು. ಮೂಲೆಯಿಂದ ಯಾರದೋ ದನಿ, ಬಂತು ನೋಡಿ ಉಂಡ್ಕಂಡೇ ಪಾರ್ಟಿ ಅಂದಿತು. ಮತ್ತೆ ನಗು.

ಅತ್ತೆಯೂ ನಕ್ಕರು. ಊಟಕ್ಕೆ ಕೂತಾಗ ಎರಡನೇ ಸಲ ಅನ್ನ ಬಡಿಸಲು ಬಂದವರನ್ನು ಕೈ ಅಡ್ಡಹಿಡಿದು ತಡೆದರು. ಪಾಯಸ ಮುಟ್ಟಲಿಲ್ಲ.

ಮರಳುವ ಬಸ್ಸಿನಲ್ಲಿ ಅವರು ಕಿಟಕಿಯ ಬದಿಗೆ ಕೂತಿದ್ದರು. ಬಿಣಗಾ ದಾಟಿತು, ಅರಗಾ ದಾಟಿತು. ಅವರ್ಸಾ ಬಂದಾಗ ಒಂದೇ ಮಾತು ಕೇಳಿದರು: "ನಾ ಹಾಂಗೆ ಹೇಳ್ತೆನೇ, ತಂಗಿ?"

ಇಲ್ಲ ಅತ್ತೆ ಅಂದೆ. ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು.

ಮರುದಿನದಿಂದ ಅತ್ತೆಯ ಬಾಯಲ್ಲಿ ಆ ಮಾತು ನಿಂತುಹೋಯಿತು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಸಿಟ್ಟಿಲ್ಲ, ಮುನಿಸಿಲ್ಲ. ನನ್ನ ಜೊತೆ ಎಂದಿನ ಹಾಗೇ ಇದ್ದರು, ಬಸ್ಸಿಗೆ ಹೊತ್ತಾಯಿತು ಅಂತ ಎಬ್ಬಿಸಿದರು, ತಲೆಗೆ ಎಣ್ಣೆ ಹಚ್ಚಿದರು. ಬೀದಿನಾಯಿ ಬಂದರೆ ಒಂದು ತುತ್ತು ಸುಮ್ಮನೆ ಹಾಕಿದರು. ಮೀಟರ್ ನೋಡುವವನು ಬಂದಾಗ ನೀರು, ಬೆಲ್ಲ ಕೊಟ್ಟು, ಊಟಾ ಮಾಡ್ತ್ರಾ ಅಂತ ಕೇಳಿದರು. ಎಂದೂ ಕೇಳಿದವರಲ್ಲ. ಕೇಳಿದ್ದಕ್ಕೆ ಅವನು ಸಂಕೋಚಪಟ್ಟು ಬೇಡ ಅಂದ, ಹೋದ. ಅವನ ಬೆನ್ನನ್ನು ನೋಡುತ್ತ ಜಗುಲಿಯಲ್ಲಿ ನಿಂತಿದ್ದ ಅತ್ತೆಯನ್ನು ನೋಡಿ ನನಗೆ ಅಳು ಬಂತು.

ನಾಲ್ಕು ದಿನ ಕಳೆದು ಬೆಳಿಗ್ಗೆ ಗಂಡ ಪಾತ್ರೆಯ ಮುಚ್ಚಳ ಎತ್ತಿ ನೋಡಿ ತಂಗಳಿಲ್ಲವಾ ಅಂದರು. ಆಗ ನನಗೆ ಹೊಳೆಯಿತು. ಆ ಒಂದು ಹಿಡಿ ಅಕ್ಕಿಯೂ ನಿಂತಿತ್ತು. ಆ ಸಂಜೆ ಅತ್ತೆ ಹಿತ್ತಲಿಗೆ ಹೋದಾಗ ನಾನೇ ಒಂದು ಹಿಡಿ ತೆಗೆದು ಬೇರೆ ತೊಳೆದಿಟ್ಟೆ. ಅವರು ಬಂದು ನೋಡಿದರು. ನೀರು ಬಸಿದು, ಆ ಅಕ್ಕಿಯನ್ನು ಮೊರದ ಮೇಲೆ ಆರಲು ಹರವಿದರು. ಯಾರೂ ಬರೂದಿಲ್ಲ ಅಂದರು.

ಕಚೇರಿಯಲ್ಲಿ ನಾನು ಎಲ್ಲರನ್ನೂ ಬೇಡಿಕೊಂಡೆ, ಆ ಮಾತು ಬಿಟ್ಟುಬಿಡಿ ಅಂತ. ಪಾಪ, ಬಿಡಲು ನೋಡಿದರು. ಗೆಳತಿಯಂತೂ ತಿಳಿಯದೆ ಮಾಡಿದೆ ಅಂತ ಕಣ್ಣೀರು ಹಾಕಿದಳು. ಆದರೆ ಚಹಾದಂಗಡಿಯವನಿಗೆ ಯಾರು ಹೇಳುವುದು, ಕಂಡಕ್ಟರಿಗೆ ಯಾರು ಹೇಳುವುದು? ಬಸ್ಸಿನಲ್ಲಿ ಯಾರಾದರೂ ಉಂಡ್ಕಂಡೇ ಅಂದಾಗಲೆಲ್ಲ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಕಾರವಾರದಿಂದ ಅಂಕೋಲೆಯವರೆಗೆ ಎಲ್ಲರ ಬಾಯಲ್ಲಿ ಇದ್ದ ಮಾತು ಒಬ್ಬರ ಬಾಯಲ್ಲಿ ಮಾತ್ರ ಇರಲಿಲ್ಲ. ನನಗೆ ಬೇಕಾಗಿದ್ದುದು ಅಷ್ಟೇ, ಅವರು ಅದನ್ನು ಇನ್ನೊಮ್ಮೆ ಆಡಬೇಕು.

ಶೇಂಗಾ ಕಿತ್ತ ದಿನ ರವಿವಾರವಾಗಿತ್ತು. ಅಂಗಳದಲ್ಲಿ ಗಿಡಗಳ ರಾಶಿ, ಅದರ ಎದುರು ನಾನು ಮತ್ತು ಅತ್ತೆ ಕೂತು ಕಾಯಿ ಬಿಡಿಸುತ್ತಿದ್ದೆವು. ಕೈ ಕೆಲಸದಲ್ಲಿರುವಾಗ ಮುಖ ನೋಡದೆ ಮಾತಾಡಬಹುದು. ನಾನು ಎಲ್ಲವನ್ನೂ ಹೇಳಿದೆ. ತಪಾಸಣೆಯ ದಿನದಿಂದ ಹಿಡಿದು, ಅವರು ಆಡದ ಮಾತನ್ನು ಅವರ ದನಿಯಲ್ಲಿ ಆಡಿದ್ದರವರೆಗೆ. ಅವರ ಮಾತನ್ನು ನಾನೇ ಬೀದಿಗೆ ಬಿಟ್ಟೆ, ತಪ್ಪಾಯಿತು ಅಂದೆ.

ಅತ್ತೆ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಆ ಮಾತು ತನ್ನದಲ್ಲ ಅಂದರು. ನನ್ನ ಗಂಡ ಕೂಸಾಗಿದ್ದಾಗ ಜೋರು ಜ್ವರ ಬಂದು, ಎತ್ತಿಕೊಂಡು ಅಂಕೋಲೆಯ ಆಸ್ಪತ್ರೆಗೆ ನಡೆದೇ ಹೋಗಿದ್ದರಂತೆ. ಔಷಧಿ ತೆಗೆದುಕೊಂಡು ಮರಳುವಾಗ ಬಿಸಿಲು ನೆತ್ತಿಗೆ ಬಂದು, ಗುರುತಿಲ್ಲದ ಒಂದು ಮನೆಯ ಜಗುಲಿಯ ನೆರಳಲ್ಲಿ ಕೂತರು. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ. ಒಳಗೆ ಆ ಮನೆಯವರು ಊಟಕ್ಕೆ ಕೂರುವ ಸದ್ದು ಕೇಳಿ, ಹೊತ್ತಲ್ಲದ ಹೊತ್ತಿನಲ್ಲಿ ಕೂತೆನಲ್ಲ ಎಂದು ಎದ್ದು ಹೊರಟರು. ಆಗ ಒಳಗಿನಿಂದ ಒಬ್ಬಳು ಮುದುಕಿ ಆ ಮಾತು ಹೇಳಿದಳು. ಇವರಿಗಲ್ಲ, ಬಡಿಸುತ್ತಿದ್ದವರಿಗೆ.

"ಯಾರು ಅಂದೂ ಕೇಳ್ಲಿಲ್ಲ, ಉಂತ್ಯಾ ಅಂದೂ ಕೇಳ್ಲಿಲ್ಲ. ಕೇಳಿದ್ರೆ ನಾ ಬೇಡಾ ಅಂತಿದ್ದೆ" ಅಂದರು ಅತ್ತೆ.

ಅವರು ಮಡಿಲಿನ ಕಾಯಿಯನ್ನು ಬುಟ್ಟಿಗೆ ಸುರಿದು, ಮೊದಲ ಸಲ ನನ್ನ ಮುಖ ನೋಡಿದರು. "ಮಾತು ತಕಂಡ್ ಹೋದ್ಯಲ್ಲೆ ತಂಗಿ. ಅನ್ನ ಎಂತಕ್ಕೆ ತಕಂಡ್ ಹೋಗ್ಲಿಲ್ಲ?"

ಬೈಗುಳವಲ್ಲ ಅದು. ನಿಜವಾಗಿಯೂ ಉತ್ತರ ಬೇಕು ಎಂಬಂತೆ ಕೇಳಿದ್ದರು.

ಮರುದಿನ ಬೆಳಿಗ್ಗೆ ಏಳುವಾಗ ಅತ್ತೆ ಆಗಲೇ ಅನ್ನ ಬಸಿದಿದ್ದರು. ಅಟ್ಟದ ಮೇಲಿದ್ದ ನಾಲ್ಕು ಅಂತಸ್ತಿನ ಹಳೇ ಡಬ್ಬಿ ಇಳಿಸಿ, ಎರಡು ಅಂತಸ್ತಿಗೆ ಬರೀ ಅನ್ನ ತುಂಬಿದ್ದರು. ಉಳಿದದ್ದರಲ್ಲಿ ಬಸಳೆ ಸಾರು, ಉಪ್ಪಿನಕಾಯಿ. ನಮ್ಮ ಮನೆಯಲ್ಲಿ ಬಸಳೆಗೆ ಒಣ ಸಿಗಡಿ ಬೀಳದೆ ಇದ್ದದ್ದು ನಾನು ಕಂಡಿಲ್ಲ. ಅಂದು ಹಾಕಿರಲಿಲ್ಲ. ಯಾಕೆ ಅಂದರೆ, ಯಾರು ಬರ್ತಾರೋ ಏನೋ, ಮೀನು ತಿನ್ನದವರಾದರೆ ಅಂದರು. ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರವಾರ ಮುಟ್ಟುವವರೆಗೆ ನಾನು ಯಾರ ಮಾತಿಗೂ ಕಿವಿಗೊಡಲಿಲ್ಲ.

ಊಟದ ಬಿಡುವಾಯಿತು. ಹೊರಗಿನ ಬೆಂಚಿನ ಮೇಲೆ ಜೋಯಿಡಾ ಕಡೆಯ ಒಬ್ಬ ಹಿರಿಯರು, ಪಕ್ಕದಲ್ಲಿ ಅವರ ಮಗಳು. ಬೆಳಗಿನ ಮೊದಲ ಬಸ್ಸಿಗೆ ಘಟ್ಟ ಇಳಿದು ಬಂದವರು. ಕಾಗದದ ಚೀಲವನ್ನು ಎದೆಗೆ ಅವುಚಿ ಕೂತಿದ್ದರು. ಇಂಥವರು ದಿನವೂ ಇರುತ್ತಾರೆ. ದಿನವೂ ನಾವು ಅವರನ್ನು ದಾಟಿಕೊಂಡೇ ಕೈ ತೊಳೆಯಲು ಹೋಗುತ್ತೇವೆ. ನಾನು ಬಾಗಿಲಲ್ಲಿ ನಿಂತು, ಊಟ ಆಯಿತಾ ಅಂತ ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಕೇಳಿದರೆ ಆಯಿತು ಅನ್ನುತ್ತಾರೆ. ಒಳಗೆ ತಿರುಗಿ, ಡಬ್ಬಿ ಬಿಚ್ಚುತ್ತಿದ್ದ ಗೆಳತಿಗೆ, ಯಾರ ದನಿಯನ್ನೂ ಎರವಲು ತೆಗೆದುಕೊಳ್ಳದೆ ಹೇಳಿದೆ, "ಬಂದದ್ ಬಂತು, ಉಂಡ್ಕಂಡೇ ಹೋಗ್ಲಿ."

ಯಾರೂ ನಗಲಿಲ್ಲ. ಗೆಳತಿ ಎದ್ದು ಎರಡು ಕುರ್ಚಿ ಎಳೆದಳು. ಹಿರಿಯರು ಬೇಡ ಅನ್ನುವ ಮೊದಲೇ ಅವರ ಎದುರು ತಟ್ಟೆ ಬಂದಿತ್ತು. ಅವರು ಮೀನು ತಿನ್ನುವವರೇ ಆಗಿದ್ದರು, ಅದು ಬೇರೆ ಮಾತು. ಬಸಳೆ ಸಾರನ್ನು ಮಗಳು ಎರಡು ಸಲ ಹಾಕಿಸಿಕೊಂಡಳು.

ಸಂಜೆ ಮನೆಗೆ ಬಂದು ಖಾಲಿ ಡಬ್ಬಿಯನ್ನು ತೊಳೆಯುವ ಕಟ್ಟೆಯ ಮೇಲಿಟ್ಟೆ. ಅತ್ತೆ ಒಂದೊಂದೇ ಅಂತಸ್ತು ಬಿಡಿಸಿ, ಪ್ರತಿಯೊಂದರ ತಳ ನೋಡಿದರು. ಯಾರು ಬಂದಿದ್ದರು ಅಂತ ಕೇಳಿದರು. ಹೇಳಿದೆ. ಹೊಟ್ಟೆ ತುಂಬಿತಂತೆಯಾ ಅಂತ ಕೇಳಿದರು. ಹೌದು ಅಂದೆ. ಅವರು ಒಲೆಯ ಮೇಲೆ ಎಸರಿಟ್ಟು, ಮನೆಯವರ ಲೆಕ್ಕದ ಅಕ್ಕಿ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ನಿಂತರು. ಆಮೇಲೆ ಡಬ್ಬದ ಮುಚ್ಚಳ ಮತ್ತೆ ತೆಗೆದರು.

ಈಗ ನಮ್ಮ ಕಚೇರಿಯಲ್ಲಿ ಡಬ್ಬಿಗಳು ಸ್ವಲ್ಪ ದೊಡ್ಡವಾಗಿವೆ. ಸರದಿಯಲ್ಲಿ ಒಬ್ಬೊಬ್ಬರು ಒಂದು ಅಂತಸ್ತು ಹೆಚ್ಚು ತರುತ್ತೇವೆ, ಇದ್ದ ದಿನ ಇರುತ್ತದೆ, ಇಲ್ಲದ ದಿನ ಇಲ್ಲ. ಉಂಡ್ಕಂಡೇ ಪಾರ್ಟಿ ಅನ್ನುವುದೂ ಬಸ್ಸಿನಲ್ಲಿ, ಅಂಗಡಿಯಲ್ಲಿ ಹಾಗೇ ನಡೆದಿದೆ. ಅದನ್ನು ಹಿಂದಕ್ಕೆ ಕರೆಯಲು ನನ್ನಿಂದ ಆಗಲಿಲ್ಲ. ನನ್ನ ಚಾಳಿಯೂ ಪೂರ್ತಿ ಹೋಗಿಲ್ಲ, ಆದರೆ ಅತ್ತೆಯ ದನಿಯನ್ನು ಮಾತ್ರ ನಾನು ಮತ್ತೆ ತೆಗೆದಿಲ್ಲ.

ಖಾಲಿ ಡಬ್ಬಿ ತಂದ ಆ ದಿನದ ಮರುದಿನ ಬೆಳಿಗ್ಗೆ ಗಂಡ ಪಾತ್ರೆಯ ಮುಚ್ಚಳ ಎತ್ತಿ, ತಂಗಳು ಕಂಡು, ಒಣಮೀನು ಸುಡಲು ಹೊರಟರು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿ, ಇವತ್ತು ತಿಂಡಿ ಬೇಡ ಎಂದು ಕೂಗಿ ಅಂಗಳ ದಾಟುತ್ತಿದ್ದೆ. ಅಡುಗೆಮನೆಯ ಒಳಗಿನಿಂದ, ನನಗಲ್ಲ, ಮಗನಿಗೆ, ಅತ್ತೆ ಹೇಳುವುದು ಕೇಳಿಸಿತು. ಬಂದದ್ ಬಂತು, ಉಂಡ್ಕಂಡೇ ಹೋಗ್ಲಿ. ಬಂದು ಹನ್ನೊಂದು ವರ್ಷವಾದವಳು ನಾನು, ಚಪ್ಪಲಿ ಬಿಟ್ಟು ಒಳಗೆ ಹೋಗಿ ಉಣ್ಣಲು ಕೂತೆ.